ಮಲಗಿದ್ದಲ್ಲೇ ಸ್ನಾನ

ಬಚ್ಚಲಿಗೆ ನಡೆದುಹೋಗಲು ಕಾಲುಗಳು ಒಪ್ಪದಿದ್ದಾಗ ಬಚ್ಚಲೇ ಹಾಸಿಗೆಯ ಬಳಿಗೆ ಬರಬೇಕಾಗುತ್ತದೆ. ಆವರಗೆರೆಯ ನಮ್ಮ ಮನೆಗೆ ಅದು ಹೀಗೆ ಬಂದದ್ದು ಅವ್ವ ಸೊಂಟ ಮುರಿದುಕೊಂಡ ವರ್ಷ.

ದಾವಣಗೆರೆಯ ಏಪ್ರಿಲನ್ನು ಬಲ್ಲವರಿಗೆ ವರ್ಣನೆ ಬೇಡ. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುತ್ತಿತ್ತು. ಒಳಗೆ ಅವ್ವ ಗಡಗಡ ನಡುಗುತ್ತಿದ್ದಳು. ಮೈ ಒರೆಸಲು ಬರುತ್ತಿದ್ದ ಹೆಂಗಸು ಒಳ್ಳೆಯವಳೇ, ಆದರೆ ಅವಸರದವಳು. ಬೆನ್ನು, ತೋಳು, ಕಾಲು ಎಲ್ಲವನ್ನೂ ಒಂದೇ ಸಲ ಒದ್ದೆ ಮಾಡಿ, ಆಮೇಲೆ ಒಟ್ಟಿಗೆ ಒರೆಸುವುದು ಅವಳ ಪದ್ಧತಿ. “ನೀರು ಬಿಸಿ ಐತಲ್ಲಮ್ಮ!” ಎನ್ನುವಳು. ಬಿಸಿಯೇನೋ ಇತ್ತು. ಆದರೂ ಮೂರನೆಯ ದಿನ ಅವ್ವ ಸ್ನಾನವೇ ಬೇಡವೆಂದಳು. ಜನ್ಮವೆಲ್ಲ ಮೀಯದೆ ಒಲೆ ಮುಟ್ಟದಿದ್ದವಳು!

ಇದರ ಗುಟ್ಟು ಅಡಿಗೆಮನೆಯ ಹರವಿಯಲ್ಲಿದೆ. ಮಣ್ಣಿನ ಮೈ ಜಿನುಗಿ ಆರಿದಂತೆಲ್ಲ ಒಳಗಿನ ನೀರು ತಂಪಾಗುವುದಷ್ಟೆ? ಚರ್ಮದ ಮೇಲಿನ ತೇವವೂ ಹಾಗೆಯೇ. ಅದು ಆವಿಯಾಗಲು ಬೇಕಾದ ಶಾಖ, ಅಷ್ಟೇ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಕಾಯಿಸಲು ಬೇಕಾದುದರ ಐದು ಪಟ್ಟಿಗೂ ಹೆಚ್ಚು. ಅದರ ಬಹುಪಾಲನ್ನು ಮೈಯೇ ತೆರಬೇಕು. ನಮ್ಮ ಬಯಲುಸೀಮೆಯ ಒಣಗಾಳಿಯಲ್ಲಿ ಈ ವ್ಯಾಪಾರ ಇನ್ನೂ ಚುರುಕು. ಮೇಲೆ ಫ್ಯಾನು ಬೇರೆ!

ಮೈ ತೊಳೆಯುವಾಗ ಒಮ್ಮೆಗೇ ಹೆಚ್ಚು ಭಾಗವನ್ನು ತೆರೆದಿಡಬೇಡಿರೆಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದಾಳೆ. ಬಿಸಿ ಟವೆಲನ್ನು ಬೆನ್ನಿನ ಮೇಲೆ 10 ಸೆಕೆಂಡು ಇರಿಸಿದರೆ ರೋಗಿಗೆ ಬೆಚ್ಚಗೆನಿಸುವುದಲ್ಲದೆ ಚರ್ಮಕ್ಕೂ ಹಿತವೆಂದು ಜಪಾನಿನ ಶುಶ್ರೂಷಾ ಸಂಶೋಧಕರು ಈಚೆಗೆ ಪ್ರಯೋಗ ಮಾಡಿ ಕಂಡುಕೊಂಡಿದ್ದಾರೆ. ನಾನೂ ಫ್ಯಾನು ನಿಲ್ಲಿಸಿದೆ. ದಪ್ಪ ಟವೆಲನ್ನು ಬಿಸಿನೀರಿಗದ್ದಿ, ಬಿಗಿಯಾಗಿ ಹಿಂಡಿ, ನನ್ನ ಮುಂಗೈಯ ಮೇಲೆ ಬಿಸಿ ನೋಡಿಕೊಂಡು, ಅವಳ ಬೆನ್ನಿಗೆ ಹೊದಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ ಹಿಡಿದೆ. ತೆಗೆದೊಡನೆ ಒಣಬಟ್ಟೆ, ಅದರ ಮೇಲೆ ದುಪ್ಪಟಿ. ಆಮೇಲಷ್ಟೇ ತೋಳಿನ ಸರದಿ. ಅವ್ವ ಉಸಿರು ಬಿಟ್ಟು, “ಇನ್ನೊಂದೀಟು ಹಂಗೇ ಹಿಡಿಯವ್ವ” ಎಂದಳು. ಬೇಡವೆಂಬ ಮಾತು ಮತ್ತೆ ಬರಲಿಲ್ಲ.

ಉಳಿದದ್ದು ಸೋಪಿನ ತಕರಾರು. ಅವಳ ಮೊಣಕಾಲಿನ ಕೆಳಗೆ ಚರ್ಮ ಬೇಸಗೆಯ ಕೆರೆಯಂಗಳದಂತೆ ಬಿರುಕುಬಿಟ್ಟಿತ್ತು. ಚರ್ಮ ತುಸು ಆಮ್ಲದ ಸ್ವಭಾವದ್ದು, ಸೋಪು ಕ್ಷಾರ. ಮುಪ್ಪಿನಲ್ಲಿ ಮೊದಲೇ ಕಡಿಮೆಯಾದ ಜಿಡ್ಡನ್ನು ಅದು ದಿನವೂ ದೋಚುತ್ತದೆ. ನೋಡಲು ಬಂದ ನೆಂಟರೆಲ್ಲ ಹಣ್ಣಿನ ಜೊತೆಗೆ ಗಂಧದ ಸೋಪನ್ನೇ ತಂದರೆ ಏನು ಮಾಡುವುದು? ಕಾಲಿಗೆ ಬರಿಯ ಬಿಸಿನೀರು, ಒರೆಸಿದ ಮೇಲೆ ತೆಳ್ಳಗೆ ಕೊಬ್ಬರಿಯೆಣ್ಣೆ ಎಂದು ನಿಶ್ಚಯಿಸಿದೆ. ಸೋಪುಗಳನ್ನು ಅವ್ವನೇ ಎಣಿಸಿ ಟ್ರಂಕಿನಲ್ಲಿ ಇಡಿಸಿದಳು. ಈಗ ಅವಳ ಸೀರೆಗಳಿಗೆಲ್ಲ ಗಂಧದ ವಾಸನೆ.