ಅರ್ಧ ಅಂಕ

ಅಶೋಕಪುರಂನ ರೈಲ್ವೆ ಕಾರ್ಯಾಗಾರದಿಂದ ನಿವೃತ್ತರಾದ ನೆರೆಯವರೊಬ್ಬರೊಡನೆ ಸಂಜೆ ಚದುರಂಗವಾಡುವುದು ನನ್ನ ಬಹುಕಾಲದ ಅಭ್ಯಾಸ. ಮುಮ್ಮಡಿ ಕೃಷ್ಣರಾಜ ಒಡೆಯರು ಒಂದೇ ಕುದುರೆಯನ್ನು 64 ಮನೆಗಳಲ್ಲಿಯೂ ನಡೆಸುವ ಬಂಧಗಳನ್ನು ರಚಿಸಿದ ಊರು ನಮ್ಮದು. ಆ ಕೀರ್ತಿಗೆ ನಾವಿಬ್ಬರೂ ಏನನ್ನೂ ಸೇರಿಸಿದವರಲ್ಲ.

2018ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್ ಪದವಿಗಾಗಿ ನಾರ್ವೆಯ ಮ್ಯಾಗ್ನಸ್ ಕಾರ್ಲ್ಸನ್ನರೂ ಅಮೆರಿಕದ ಫ್ಯಾಬಿಯಾನೊ ಕರುವಾನಾ ಅವರೂ ಎದುರಾದರು. ಮೊದಲ 11 ಆಟಗಳೂ ಡ್ರಾ ಆಗಿದ್ದವು. 26ರಂದು ಕೊನೆಯದಾದ 12ನೆಯ ಆಟ. ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಸಿ ಬೇಗ ಮಲಗುವ ನಾನು ಅಂದು ಮಗನ ಮೊಬೈಲಿನ ಮುಂದೆ ನೆರೆಯವರೊಡನೆ ಎಚ್ಚರವಾಗಿಯೇ ಕುಳಿತಿದ್ದೆ. ಕಪ್ಪು ಕಾಯಿಗಳ ಕಾರ್ಲ್ಸನ್ನರ ಸ್ಥಿತಿ ಮೇಲಾಗಿತ್ತು; ಗಡಿಯಾರದಲ್ಲಿಯೂ ಅವರಿಗೇ ಹೆಚ್ಚು ಸಮಯ ಉಳಿದಿತ್ತು. ಆದರೂ 31ನೆಯ ನಡೆಯಲ್ಲಿ ಅವರು ಡ್ರಾ ಸೂಚಿಸಿದರು. ಕರುವಾನಾ ಒಪ್ಪಿದರು. ಅಂಕ 6–6. ವಿಶ್ವ ಪದವಿಯ ಪಂದ್ಯವೊಂದರಲ್ಲಿ ದೀರ್ಘಾವಧಿಯ ಆಟಗಳೆಲ್ಲವೂ ಸಮವಾದದ್ದು ಅದೇ ಮೊದಲು.

"ಇದು ಹೇಡಿತನ ಸ್ವಾಮಿ" ಎಂದರು ನೆರೆಯವರು. ಕಾರ್ಲ್ಸನ್ ಧೈರ್ಯ ಕಳೆದುಕೊಳ್ಳುತ್ತಿರುವಂತಿದೆಯೆಂದು ಕ್ಯಾಸ್ಪರೋವ್‌ರಂಥವರೇ ಅಭಿಪ್ರಾಯಪಟ್ಟರು. ನಾನು ಮಾತ್ರ ಮಾತನಾಡಲಿಲ್ಲ. ಅದಕ್ಕೆ ಕಾರಣವಿತ್ತು.

ದಿವಂಗತ ಅಣ್ಣನ ಮಕ್ಕಳಿಗೂ ನನಗೂ ಅಂಗಡಿಯ ಪಾಲಿನ ವಿಷಯದಲ್ಲಿ ಹಿಂದೊಮ್ಮೆ ವ್ಯಾಜ್ಯ ಹುಟ್ಟಿತ್ತು. ಸಮಾಜದ ಹಿರಿಯರು ಕುಳಿತು, ಇಬ್ಬರಿಗೂ ಅರ್ಧರ್ಧವೆಂದು ಸೂಚಿಸಿದರು. ಲೆಕ್ಕದ ಪುಸ್ತಕಗಳು ನನ್ನ ಪಕ್ಷದಲ್ಲಿದ್ದವು, ಬಿ.ಕಾಂ. ಓದಿದ ಅಹಂಕಾರವೂ ಇತ್ತು. ಗೆಲ್ಲುವವನು ಸಮಕ್ಕೇಕೆ ಒಪ್ಪಬೇಕೆಂದು ಎದ್ದು ಬಂದೆ. ಒಂಬತ್ತು ವರ್ಷ ನ್ಯಾಯಾಲಯಕ್ಕೆ ಅಲೆದ ಮೇಲೆ ತೀರ್ಪು ನನ್ನಂತೆಯೇ ಬಂದಿತು. ಖರ್ಚು ಕಳೆದು ಕೈಗೆ ಉಳಿದದ್ದು ಹಿರಿಯರು ಹೇಳಿದ ಅರ್ಧಕ್ಕಿಂತ ಕಡಿಮೆ. ಪ್ರತಿವರ್ಷ ಕ್ಷಮಾವಣಿಯ ದಿನ ನಮ್ಮ ಮನೆಗೆ ಬರುತ್ತಿದ್ದ ಅತ್ತಿಗೆಯವರು ಬರುವುದನ್ನು ನಿಲ್ಲಿಸಿದರು.

ಕಾರ್ಲ್ಸನ್ನರ ಡ್ರಾವನ್ನು ನಾನು ತ್ಯಾಗವೆಂದು ಹೊಗಳಲಾರೆ. ಶೀಘ್ರಗತಿಯ ಆಟದಲ್ಲಿ ತಾನು ಬಲಶಾಲಿಯೆಂಬುದು ಅವರಿಗೆ ತಿಳಿದಿತ್ತು. 28ರಂದು ಅಂಥ ಮೂರು ಆಟಗಳನ್ನೂ ಗೆದ್ದು ಪದವಿಯನ್ನು ಉಳಿಸಿಕೊಂಡರು. ಅದು ಅಪ್ಪಟ ವರ್ತಕನ ಲೆಕ್ಕ. ಮುಂದುವರಿದರೆ ಕಳೆದುಕೊಳ್ಳುವುದೇನು ಎಂಬ ಆ ಲೆಕ್ಕವನ್ನೂ ವರ್ತಕನಾದ ನಾನು ಹಾಕಿರಲಿಲ್ಲ!

ಚದುರಂಗದಲ್ಲಿ ಡ್ರಾ ಕೇಳುವುದಕ್ಕೂ ಕ್ರಮವುಂಟು. ಮೊದಲು ತನ್ನ ನಡೆಯನ್ನು ನಡೆಸಬೇಕು. ಬಳಿಕ ಕೇಳಿ, ಗಡಿಯಾರವನ್ನು ಒತ್ತಬೇಕು. ಕೇಳಿದ್ದನ್ನು ಹಿಂತೆಗೆದುಕೊಳ್ಳುವಂತಿಲ್ಲ. ಮುಂದಿನ ಕ್ಷಮಾವಣಿಯಂದು ಬಸದಿಯಿಂದ ನೇರವಾಗಿ ಅತ್ತಿಗೆಯವರ ಮನೆಗೆ ಹೋದೆ. ಬಾಗಿಲು ತೆರೆದವರು ಬಹಳ ಹೊತ್ತು ನನ್ನನ್ನೇ ನೋಡಿದರು. ಅನಂತರ, "ಬಿಸಿಲಿನಲ್ಲಿ ಬಂದಿದ್ದೀಯಪ್ಪ, ಒಳಗೆ ಬಾ" ಎಂದರು.