ಬೆಂಡು ಮುಳುಗುವವರೆಗೆ

ಗಾಳ ಹಾಕಿ ಕೂಡ್ರುವುದು ಸೋಮಾರಿಗಳ ಉದ್ಯೋಗವೆಂದು ನಾನು ಬಹುಕಾಲ ನಂಬಿದ್ದೆ. ಮಾಸ್ತರಿಕೆ ಮಾಡುವವನಿಗೆ ಇಂತಹ ನಂಬಿಕೆಗಳು ಹಲವು ಇರುತ್ತವೆ, ವಾಚಕರು ಕ್ಷಮಿಸಬೇಕು. ಈ ನಂಬಿಕೆಯನ್ನು ಬಿಡಿಸಿದವರು ಇಬ್ಬರು ಹುಡುಗರು. ಒಬ್ಬನು ಸೊಲ್ಲಾಪುರದ ನನ್ನ ಸೋದರಳಿಯ. ಇನ್ನೊಬ್ಬನು ಅಕ್ಕಲಕೋಟ ತಾಲೂಕಿನಲ್ಲಿ ನಾನು ಕಲಿಸುವ ಶಾಲೆಯ ಐದನೆಯ ಇಯತ್ತೆಯ ವಿದ್ಯಾರ್ಥಿ.

ದೀಪಾವಳಿಯ ರಜೆಯಲ್ಲಿ ತಂಗಿಯ ಮನೆಗೆ ಹೋದಾಗ ಒಂದು ಸಂಜೆ ಅಳಿಯನನ್ನು ಕರೆದುಕೊಂಡು ಸಿದ್ಧೇಶ್ವರ ಕೆರೆಯ ದಂಡೆಗೆ ಹೋದೆ. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮನು ಕಟ್ಟಿಸಿದ ಕೆರೆಯಿದು ಎಂದು ಹೇಳಲು ಬಾಯಿ ತೆರೆದೆ. ಹುಡುಗನ ಲಕ್ಷ್ಯ ಆ ಕೆರೆಯ ಮೇಲಿರಲಿಲ್ಲ. ಅವನ ಅಂಗೈಯಲ್ಲಿದ್ದ ಆಟದ ಯಂತ್ರದೊಳಗಿನ ಇನ್ನೊಂದು ಕೆರೆಯ ಮೇಲಿತ್ತು. ಅಲ್ಲಿಯೂ ಒಬ್ಬ ಪುಟ್ಟ ಹುಡುಗ ದಂಡೆಯಲ್ಲಿ ನಿಂತು ಗಾಳ ಎಸೆಯುತ್ತಿದ್ದ.

ಅದು ಪೋಕೆಮಾನ್ ಎಂಬ ಆಟ. 1996ರಲ್ಲಿ ಜಪಾನಿನಲ್ಲಿ ಮೊದಲು ಹೊರಬಂದುದು. ಅದನ್ನು ಕಲ್ಪಿಸಿದ ಸತೋಷಿ ತಾಜಿರಿ ಬಾಲ್ಯದಲ್ಲಿ ಹುಳುಗಳನ್ನು ಹಿಡಿದು ಕೂಡಿಸುತ್ತಿದ್ದನು. ಆ ಹವ್ಯಾಸವೇ ಆಟದ ಬೀಜವಾಯಿತು. ವಿಚಿತ್ರ ಜೀವಿಗಳನ್ನು ಹಿಡಿದು, ಸಾಕಿ, ಬೆಳೆಸುವುದು ಇದರ ಕ್ರಮ. ನೀರಿನಲ್ಲಿರುವ ಜೀವಿಗಳಿಗಾಗಿ ಮೂರು ಬಗೆಯ ಗಾಳದ ಕೋಲುಗಳು: ಹಳೆಯದು, ಒಳ್ಳೆಯದು, ಅತ್ಯುತ್ತಮವಾದುದು. ಹಳೆಯ ಕೋಲಿಗೆ ಬಹುತೇಕ ಸಿಗುವುದು ಮ್ಯಾಜಿಕಾರ್ಪ್ ಎಂಬ ಕೆಂಪು ಮೀನು. ಮೊದಲಿಗೆ ಅದಕ್ಕೆ ಬರುವ ವಿದ್ಯೆ ಒಂದೇ, ಪಟಪಟನೆ ಮೈ ಬಡಿಯುವುದು. ಅದರಿಂದ ಎದುರಾಳಿಯ ಕೂದಲೂ ಕೊಂಕುವುದಿಲ್ಲ. ಆದರೆ ತಾಳ್ಮೆಯಿಂದ 20ನೆಯ ಮಟ್ಟದವರೆಗೆ ಬೆಳೆಸಿದರೆ ಅದೇ ಮೀನು ಗ್ಯಾರಡಾಸ್ ಎಂಬ ಭಯಂಕರ ಜಲಸರ್ಪವಾಗುತ್ತದೆ. ಹೊಳೆಯನ್ನು ಎದುರೀಜಿ ದ್ವಾರವನ್ನು ದಾಟಿದ ಮೀನು ಡ್ರ್ಯಾಗನ್ ಆಯಿತೆಂಬ ಚೀನದ ಪುರಾತನ ಕಥೆಯ ನೆರಳು ಇದರಲ್ಲಿದೆ.

"ಮೀನು ಕಚ್ಚಿದ ಗುರುತು ಕಂಡ ಕೂಡಲೇ ಗುಂಡಿ ಒತ್ತಬೇಕು, ಮಾಮಾ. ತಡವಾದರೆ ಹೋಯಿತು" ಎಂದನು ಅಳಿಯ.

ಇವನಿಗೆ ನಿಜವಾದ ಹೊಳೆಯನ್ನು ತೋರಿಸಬೇಕೆಂಬ ಹಟ ನನಗೆ ಹುಟ್ಟಿತು. ಮರುದಿನ ಎಸ್.ಟಿ. ಬಸ್ಸಿನಲ್ಲಿ ಕೂಡ್ರಿಸಿಕೊಂಡು ಸುಮಾರು 40 ಕಿಲೋಮೀಟರು ದೂರದ ಅಕ್ಕಲಕೋಟಕ್ಕೆ ಕರೆತಂದೆ. ನಳದುರ್ಗದ ಕೋಟೆಯಲ್ಲಿ ಆದಿಲಶಾಹಿ ಕಾಲದ ಕಟ್ಟೆಯನ್ನು ದಾಟಿ, ಕುರನೂರ ಜಲಾಶಯವನ್ನು ತುಂಬಿ, ಮುಂದೆ ಭೀಮೆಯನ್ನು ಸೇರುವ ಬೋರಿ ಹೊಳೆ ನಮ್ಮದು. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು, ಹೊಳೆಯಲ್ಲಿ ನೀರಿತ್ತು. ದಂಡೆಯ ಮೇಲೆ ಗಾಳ ಹಾಕಿ ಕುಳಿತಿದ್ದವನು ನನ್ನ ಆ ವಿದ್ಯಾರ್ಥಿ.

ಅವನ ವಿಷಯ ಹೇಳಬೇಕು. ಓದಲು ನಿಲ್ಲಿಸಿದರೆ ಒಂದು ಸಾಲಿಗೆ ನಾಲ್ಕು ಸಲ ತಡವರಿಸುವವನು. ಅವನು ತಡೆದೊಡನೆ ಶಬ್ದವನ್ನು ನಾನೇ ಹೇಳಿಬಿಡುತ್ತಿದ್ದೆ. ಮತ್ತೆ ತಡೆದರೆ "ಕೂಡ್ರು" ಎನ್ನುತ್ತಿದ್ದೆ. ಇವನು ದಡ್ಡನೆಂದು ತೀರ್ಪು ಕೊಟ್ಟು ಎರಡು ವರ್ಷವಾಗಿತ್ತು.

ಅವನ ಕೈಯಲ್ಲಿದ್ದುದು ಬಿದಿರಿನ ಕೋಲು, ನೂಲಿಗೆ ಜೋಳದ ದಂಟಿನ ಬೆಂಡು, ಗಾಳಕ್ಕೆ ಎರೆಹುಳು. ಅಳಿಯನು ಆಸೆಯಿಂದ ನೋಡಿದನು. ಅವನು ಮಾತಿಲ್ಲದೆ ಕೋಲನ್ನು ಕೊಟ್ಟನು. ಬೆಂಡು ಅಲುಗಿದ್ದೇ ತಡ, ಅಳಿಯನು ಎಳೆದನು. ಬರಿಯ ಗಾಳ ಮೇಲೆ ಬಂತು. ಎರಡನೆಯ ಸಲವೂ ಹಾಗೆಯೇ.

"ತಡಿಯಪಾ" ಎಂದನು ನನ್ನ ದಡ್ಡ ವಿದ್ಯಾರ್ಥಿ. "ಬೆಂಡು ಅಳ್ಳಾಡಿದ್ರ ಮೀನ ಬರೇ ಮೂಸಿ ನೋಡಾಕತ್ತೈತಿ ಅಂತ ತಿಳಿ. ಆಗ ಎಳದ್ರ ಏನೂ ಸಿಗೂದಿಲ್ಲ. ಪೂರಾ ಮುಳುಗಲಿ, ಆಮ್ಯಾಲೆ ಎಳಿ."

ಇಷ್ಟು ಮಾತನ್ನು ಅವನು ಒಮ್ಮೆಯೂ ತಡವರಿಸದೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮೂರನೆಯ ಸಲ ಅಳಿಯನು ಕಾಯ್ದನು. ಬೆಂಡು ನಡುಗಿತು, ನಿಂತಿತು, ಮತ್ತೆ ನಡುಗಿತು, ಆಮೇಲೆ ಮುಳುಗಿತು. ಬಂದದ್ದು ಬೆರಳುದ್ದದ ಮೀನು. "ಮ್ಯಾಜಿಕಾರ್ಪ್!" ಎಂದು ಅಳಿಯನು ಕುಣಿದನು. ಇವನಿಗೆ ಆ ಹೆಸರು ತಿಳಿಯಲಿಲ್ಲ. ನಕ್ಕು, ಕೈ ಒದ್ದೆ ಮಾಡಿಕೊಂಡು ಮೀನನ್ನು ಬಿಡಿಸಿ ನೀರಿಗೆ ಬಿಟ್ಟನು. "ಸಣ್ಣದೈತಿ, ಬೆಳೀಲಿ" ಎಂದನು.

ರಜೆ ಮುಗಿದು ಶಾಲೆ ತೆರೆಯಿತು. ಅವನನ್ನು ಓದಲು ನಿಲ್ಲಿಸಿದೆ. ಮೊದಲ ಸಾಲಿನಲ್ಲಿಯೇ ತಡೆದನು. ಶಬ್ದವು ನನ್ನ ನಾಲಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ತಡೆದುಕೊಂಡೆ. ಹುಡುಗರೆಲ್ಲ ಆಶ್ಚರ್ಯದಿಂದ ನನ್ನ ಮುಖವನ್ನು ನೋಡಿದರು. ಅವನು ತಪ್ಪು ಓದಿದನು, ನಿಂತನು, ಮತ್ತೆ ಅಕ್ಷರ ಕೂಡಿಸಿದನು, ಸರಿಯಾಗಿ ಓದಿದನು.

ಅವನು ಅಂದೇ ಜಲಸರ್ಪವಾಗಲಿಲ್ಲ. ಮುಂದಿನ ಸಾಲಿನಲ್ಲಿ ಪುನಃ ತಡವರಿಸಿದನು. ನಾನು ಪುನಃ ಕಾಯ್ದೆ. ಕಾಯುತ್ತಿರುವಾಗ ಒಂದು ವಿಚಾರ ಚುಚ್ಚಿತು: ಇಷ್ಟು ವರ್ಷಗಳ ಮಾಸ್ತರಿಕೆಯಲ್ಲಿ, ಬೆಂಡು ಅಲುಗಿದೊಡನೆ ಎಳೆದು, ಗಾಳ ಬರಿದಾಗಿದೆಯೆಂದು ಹೊಳೆಯನ್ನೇ ಬೈದು, ನಾನು ಕೂಡ್ರಿಸಿಬಿಟ್ಟ ಮಕ್ಕಳು ಎಷ್ಟು ಮಂದಿಯೋ!