ಓಟವೂ ಮಾತ್ರೆಯೂ

‘ಮಾತ್ರೆ’ ಎಂಬ ಶಬ್ದವು ನಮ್ಮಲ್ಲಿ ಎರಡು ಶಾಸ್ತ್ರಗಳಿಗೆ ಸೇರಿದ್ದು. ಛಂದಸ್ಸಿನಲ್ಲಿ ಅದು ಉಚ್ಚಾರಣೆಯ ಕಾಲದ ಅಳತೆ. ಲಘುವಿಗೆ ಒಂದು, ಗುರುವಿಗೆ ಎರಡು. ವೈದ್ಯದಲ್ಲಿ ಅದು ಔಷಧದ ಅಳತೆ; ಮುಂದೆ ಗುಳಿಗೆಗೇ ಆ ಹೆಸರು ನಿಂತಿತು. ಮೊದಲನೆಯ ಅರ್ಥವನ್ನು ಹುಡುಗರಿಗೆ ಹೇಳಿಕೊಡುವದರಲ್ಲಿಯೇ ನನ್ನ ಆಯುಷ್ಯದ ಬಹುಭಾಗವು ಕಳೆಯಿತು. ಎರಡನೆಯದನ್ನು ಈಗ ನನ್ನ ಮೊಮ್ಮಗಳ ಸೊಂಟದಲ್ಲಿರುವ ಒಂದು ಚಿಕ್ಕ ಯಂತ್ರದಿಂದ ಕಲಿಯುತ್ತಲಿದ್ದೇನೆ. ಅದರ ಹೆಸರು ಇನ್ಸುಲಿನ್ ಪಂಪ್. ಅವಳಿಗೆ ಹದಿನಾರು ವರ್ಷ. ಹನ್ನೊಂದನೆಯ ವರ್ಷದಿಂದ ಮಧುಮೇಹ. ಅವಳಿಗೆ ಓಟದಲ್ಲಿ ಅತ್ಯಂತ ಆಸಕ್ತಿ.

ನಮ್ಮದು ಕಬ್ಬಿನ ಸೀಮೆ. ಕೃಷ್ಣೆ ಘಟಪ್ರಭೆಯರ ನೀರುಂಡ ಜಮಖಂಡಿ ಮುಧೋಳಗಳ ಹೊಲಗಳಲ್ಲಿ ಎತ್ತ ನೋಡಿದರೂ ಕಬ್ಬೇ. ಮಹಾಲಿಂಗಪುರದ ಬೆಲ್ಲವೋ ಪ್ರಸಿದ್ಧವಾದದ್ದು. ಆದ್ದರಿಂದ ಮಧುಮೇಹವೆಂದರೆ ಸಿಹಿ ತಿಂದವರ ರೋಗವೆಂದು ಜನರು ಸುಲಭವಾಗಿ ತೀರ್ಮಾನಿಸಿಬಿಡುತ್ತಾರೆ. ಆದರೆ ಸುಶ್ರುತನೇ ಪ್ರಮೇಹವನ್ನು ಸಹಜವೆಂದೂ ಅಪಥ್ಯದಿಂದ ಬಂದುದೆಂದೂ ಎರಡಾಗಿ ವಿಂಗಡಿಸಿದ್ದಾನೆ. ಮೊದಲನೆಯ ತರದ ರೋಗಿಯು ಕೃಶನೂ ಬಾಯಾರಿದವನೂ ಆಗಿರುವನೆಂದು ವರ್ಣಿಸಿದ್ದಾನೆ. ಮಕ್ಕಳಿಗೆ ಸಾಮಾನ್ಯವಾಗಿ ಬರುವದು ಆ ತರಕ್ಕೆ ಹತ್ತಿರವಾದದ್ದು. ಶರೀರದ ರಕ್ಷಣಾಶಕ್ತಿಯೇ ದಾರಿ ತಪ್ಪಿ ಮೇದೋಜೀರಕ ಗ್ರಂಥಿಯೊಳಗಿನ ಇನ್ಸುಲಿನ್ ಹುಟ್ಟುವ ಕಣಗಳನ್ನು ನಾಶಪಡಿಸುತ್ತದೆ. ಇದರಲ್ಲಿ ಕೂಸಿನ ತಪ್ಪೂ ಇಲ್ಲ, ತಾಯಿಯ ತಪ್ಪೂ ಇಲ್ಲ.

ಹುಟ್ಟಿನಿಂದ ಬಂದ ಪ್ರಮೇಹವನ್ನು ಚರಕನು ಅಸಾಧ್ಯವೆಂದು ಕೈಬಿಟ್ಟಿದ್ದನು. ಆ ನಿರಾಶೆಯು ಇಪ್ಪತ್ತನೆಯ ಶತಮಾನದವರೆಗೂ ಉಳಿದಿತ್ತು. 1921ರಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಈ ದ್ರವ್ಯವನ್ನು ಬೇರ್ಪಡಿಸಿದರು. 1922ರ ಜನೇವರಿ 11ರಂದು ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಅದನ್ನು ಮೊದಲು ಚುಚ್ಚಲಾಯಿತು. ಗ್ರಂಥಿಯಲ್ಲಿ ದ್ವೀಪಗಳಂತೆ ಚದರಿರುವ ಕಣಗಳಿಂದ ಬರುವದೆಂದು, ಲ್ಯಾಟಿನ್ ಭಾಷೆಯ ‘ದ್ವೀಪ’ವೆಂಬ ಪದದಿಂದ ಅದಕ್ಕೆ ಹೆಸರಾಯಿತು.

ಇನ್ನು ಓಟದ ವಿಚಾರ. ಬಡವನಾದ ಪ್ರಮೇಹಿಯು ಕೆರವು ಕೊಡೆಗಳಿಲ್ಲದೆ ನೂರು ಯೋಜನ ನಡೆಯಲೆಂದು ಸುಶ್ರುತನು ವಿಧಿಸಿದ್ದಾನೆ. ದುಡಿಯುವ ಸ್ನಾಯುವು ರಕ್ತದ ಸಕ್ಕರೆಯನ್ನು ತಾನಾಗಿಯೇ ಎಳೆದುಕೊಳ್ಳುತ್ತದೆಂದು ಇಂದಿನವರು ಅದಕ್ಕೆ ಕಾರಣ ಹೇಳುತ್ತಾರೆ. ವ್ಯಾಯಾಮವು ಚುಚ್ಚಿದ ಇನ್ಸುಲಿನ್ನಿನ ಬಲವನ್ನು ಹೆಚ್ಚಿಸುವದೆಂದು 1926ರಲ್ಲಿಯೇ ಲಂಡನ್ನಿನ ವೈದ್ಯ ಆರ್. ಡಿ. ಲಾರೆನ್ಸರು ತೋರಿಸಿಕೊಟ್ಟರು, ಅವರು ಸ್ವತಃ ಮಧುಮೇಹಿಗಳಾಗಿದ್ದರು. ಅಪಾಯವಿರುವದೂ ಇಲ್ಲಿಯೇ. ಆರೋಗ್ಯವಂತನು ಓಡಲಾರಂಭಿಸಿದೊಡನೆ ಅವನ ಗ್ರಂಥಿಯು ಇನ್ಸುಲಿನ್ನನ್ನು ತಾನೇ ತಗ್ಗಿಸುತ್ತದೆ. ಹೊರಗಿನಿಂದ ಚುಚ್ಚಿದ್ದಾದರೋ ಬಿಟ್ಟ ಬಾಣವು. ಹಿಂದಕ್ಕೆ ಕರೆಯಲಿಕ್ಕೆ ಬಾರದು. ಆಗ ಸಕ್ಕರೆಯು ಇಳಿದಿಳಿದು, ಕೈ ನಡುಗಿ, ಬೆವತು, ಮತಿಗೆಟ್ಟು, ಕೊನೆಗೆ ಪ್ರಜ್ಞೆ ತಪ್ಪುವದೂ ಉಂಟು.

ಪಂಪಿನ ಉಪಯೋಗವು ಇದರಿಂದ ತಿಳಿಯುತ್ತದೆ. ಚರ್ಮದ ಕೆಳಗೆ ಸೇರಿಸಿದ ಮೆದುವಾದ ಕೊಳವೆಯ ಮೂಲಕ ಅದು ಹಗಲಿರುಳೂ ಹನಿಹನಿಯಾಗಿ ಇನ್ಸುಲಿನ್ ಬಿಡುತ್ತದೆ; ಒಂದು ಯೂನಿಟ್ಟಿನ ಇಪ್ಪತ್ತನೆಯ ಪಾಲನ್ನು ಅಳೆದು ಕೊಡಬಲ್ಲ ಯಂತ್ರಗಳೂ ಇವೆ. ಊಟದ ಹೊತ್ತಿಗೆ ಗುಂಡಿಯೊತ್ತಿ ಹೆಚ್ಚು ಪಡೆಯಬೇಕು. ಓಟಕ್ಕೆ ಒಂದು, ಒಂದೂವರೆ ತಾಸು ಮೊದಲೇ ಧಾರೆಯನ್ನು ತಗ್ಗಿಸಬೇಕು. ಓಡುತ್ತಿರುವಾಗ ತಗ್ಗಿಸಿದರೆ ಮೊದಲು ಒಳಹೊಕ್ಕದ್ದು ಕೇಳುವದಿಲ್ಲ. ಹಾಗೆಂದು ಯಂತ್ರವನ್ನೇ ಬಿಚ್ಚಿಟ್ಟು ಬಹಳ ಹೊತ್ತು ಇರುವಂತೆಯೂ ಇಲ್ಲ. ಒಳಗೆ ಬೀಳುವದು ಬೇಗ ತೀರುವ ಜಾತಿಯ ಇನ್ಸುಲಿನ್ನಾದ್ದರಿಂದ, ಕೆಲವೇ ತಾಸುಗಳಲ್ಲಿ ರಕ್ತದಲ್ಲಿ ಆಮ್ಲವೇರುವ ಭಯವುಂಟು. ಮೊದಮೊದಲು ನನ್ನ ಮಗನು ಯಂತ್ರ ಬಂದಿತೆಂದರೆ ಚಿಂತೆ ಹೋಯಿತೆಂದು ಸಂತೋಷಪಟ್ಟನು. ಅವಳು ಮಾತ್ರ, “ಅಪ್ಪಾ, ಇದಕ್ಕೇನೂ ತಿಳಿಯೂದಿಲ್ಲ. ನಾ ಹೇಳಿದಷ್ಟು ಕೊಡ್ತದ, ಅಷ್ಟ” ಎಂದಳು. ಸಕ್ಕರೆಯನ್ನು ತಾವೇ ನೋಡಿಕೊಂಡು ಧಾರೆಯನ್ನು ಹೊಂದಿಸುವ ಯಂತ್ರಗಳು 2016ರಿಂದೀಚೆಗೆ ಬಂದಿವೆ. ಅವಕ್ಕೂ ಊಟವನ್ನೂ ಓಟವನ್ನೂ ಮುಂದಾಗಿ ತಿಳಿಸುವದೇ ಕ್ಷೇಮ.

ಅವಳ ಅಭ್ಯಾಸವು ಈ ಲೆಕ್ಕದ ಮೇಲೆಯೇ ನಡೆದಿದೆ. ಸಂಜೆಯ ಓಟವನ್ನು ಬಿಟ್ಟು ಬೆಳಗಿನ ಜಾವಕ್ಕೆ ಹೊಂದಿಕೊಂಡಳು. ಆಗ ಊಟಕ್ಕೆ ಕೊಟ್ಟ ಇನ್ಸುಲಿನ್ ಮೈಯಲ್ಲಿ ಉಳಿದಿರುವದಿಲ್ಲ, ನಮ್ಮ ಸೀಮೆಯ ಬಿಸಿಲೂ ಏರಿರುವದಿಲ್ಲ. ಬನಹಟ್ಟಿಯ ನೂಲಿನ ಹಳೆಯ ಸೀರೆಯನ್ನು ಕತ್ತರಿಸಿ ಅವಳ ತಾಯಿಯು ಪಂಪಿಗೊಂದು ಚೀಲವನ್ನು ಹೊಲಿದಿದ್ದಾಳೆ. ಬೆವರಿಗೆ ಅಂಟು ಬಿಡದಂತೆ ಮೇಲೊಂದು ಪಟ್ಟಿ. ಕರೆಂಟು ಹೋದರೆ ಇನ್ಸುಲಿನ್ ಕೆಡದಿರಲೆಂದು ನೀರಿನ ಮಡಿಕೆಯ ತಂಪಿನಲ್ಲಿ ಬೇರೊಂದು ಪುಟ್ಟ ಗಡಿಗೆ.

ಓಟಗಳಲ್ಲಿಯೂ ಭೇದವಿದೆಯೆಂದು ನಾವು ಕಂಡುಕೊಂಡೆವು. ಮುಧೋಳದ ನಾಯಿಯು ಮೊಲದ ಬೆನ್ನು ಹತ್ತಿದಂತೆ ಒಮ್ಮೆಲೆ ಹಾರುವ ಓಟದಲ್ಲಿ ಸಕ್ಕರೆಯು ಇಳಿಯುವದರ ಬದಲು ಏರುವದುಂಟು. ಆವೇಶದ ರಸಗಳು ಯಕೃತ್ತಿನ ಸಂಗ್ರಹವನ್ನು ಹೊರಗೆ ಕಳಿಸುತ್ತವೆ. ಪಂಢರಪುರದ ವಾರಕರಿಯಂತೆ ಒಂದೇ ಸಮನೆ ಸಾಗುವ ಓಟದಲ್ಲಿ ಅದು ಸದ್ದಿಲ್ಲದೆ ಇಳಿಯುತ್ತದೆ. ಹಗಲು ಓಡಿದ್ದರ ಫಲವು ನಡುರಾತ್ರಿಯಲ್ಲಿಯೂ ತೋರುವದು. ಬರಿದಾದ ಸ್ನಾಯುಗಳು ತಮ್ಮ ಕಣಜವನ್ನು ತುಂಬಿಕೊಳ್ಳುತ್ತಿರುತ್ತವೆ. ದೂರದ ಓಟದ ದಿನ ಅವಳ ತಾಯಿ ಎರಡು ಗಂಟೆಗೆ ಎದ್ದು, ನಿದ್ದೆಯಲ್ಲಿರುವ ಮಗಳ ಬೆರಳಿನಿಂದ ಹನಿ ರಕ್ತ ತೆಗೆದು ನೋಡುತ್ತಾಳೆ. ಸಂಖ್ಯೆಯು 70ಕ್ಕಿಂತ ಕೆಳಗಿದ್ದರೆ ಎಬ್ಬಿಸಿ ಮೂರು ಚಮಚೆ ಸಕ್ಕರೆಯ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡುವದು. ಊಟದ ಎಲೆಯಲ್ಲಿ ಲೆಕ್ಕವಿಟ್ಟು ಬಡಿಸುವ ಸಿಹಿಯೇ ಆಗ ಸಂಜೀವಿನಿಯು.

ಇಷ್ಟೆಲ್ಲ ಏತಕ್ಕೆ, ಓಟವನ್ನೇ ಬಿಡಿಸಬಾರದೇ ಎಂದು ಕೇಳುವವರುಂಟು. ನಮ್ಮ ಓಣಿಯ ಹಿರಿಯರೊಬ್ಬರು, “ಮಾಸ್ತರ್ರ, ಹೆಣ್ಣ ಹುಡಿಗಿ, ನಾಳೆ ಲಗ್ನ ಆಗಬೇಕು. ಆ ಡಬ್ಬಿ ಯಾರಿಗೂ ಕಾಣಧಂಗ ಇರಲಿ” ಎಂದು ಹಿತವನ್ನೇ ಹೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳೇ ಒಳಗಿನಿಂದ ಬಂದು, “ಕಾಕಾ, ಮುಚ್ಚಿಟ್ಟರ ನಾ ಎಚ್ಚರ ತಪ್ಪಿ ಬಿದ್ದಾಗ ಯಾರಿಗೆ ಗೊತ್ತಾಗಬೇಕು?” ಎಂದಳು. ಅವರು ಸುಮ್ಮನಾದರು. ಅಂದಿನಿಂದ ರಾಮತೀರ್ಥದ ದಾರಿಯಲ್ಲಿ ಅವಳನ್ನು ಕಂಡಾಗ, ಕಿಸೆಯಲ್ಲಿ ಬೆಲ್ಲವಿದೆಯೇ ಎಂದು ಅವರೇ ವಿಚಾರಿಸುತ್ತಾರಂತೆ.

ಪಂಪಿಗೆ ಲಕ್ಷಗಟ್ಟಲೆ ಹಣ ಬೇಕು; ಕೊಳವೆ ಮೊದಲಾದವುಗಳ ತಿಂಗಳ ಖರ್ಚು ಬೇರೆ. ಎಲ್ಲ ಮನೆಗಳಿಗೂ ಅದು ನಿಲುಕುವದಿಲ್ಲ. ಆದರೆ ಸೂಜಿಯನ್ನೇ ನಂಬಿದವರೂ ಆಟಗಳಲ್ಲಿ ಹಿಂದೆ ಬಿದ್ದಿಲ್ಲ. ವಾಸಿಮ್ ಅಕ್ರಮರಿಗೆ 1997ರಲ್ಲಿ ಈ ರೋಗವು ಗೊತ್ತಾಯಿತು. 2003ರಲ್ಲಿ ಏಕದಿನದ ಪಂದ್ಯಗಳಲ್ಲಿ 500 ವಿಕೆಟ್ ಪಡೆದವರಲ್ಲಿ ಅವರೇ ಮೊದಲಿಗರಾದರು. ಅಮೇರಿಕೆಯ ಈಜುಗಾರ ಗ್ಯಾರಿ ಹಾಲ್ ಎಂಬವರಿಗೆ 1999ರಲ್ಲಿ ತಗಲಿತು. 2000ದ ಸಿಡ್ನಿ ಒಲಿಂಪಿಕ್ಕಿನಲ್ಲಿ ಅವರು ಬಂಗಾರದ ಪದಕವನ್ನು ಪಡೆದರು. ಯಂತ್ರವು ಸೌಕರ್ಯವು, ಮಾತ್ರೆಯ ಜ್ಞಾನವೇ ಮುಖ್ಯವು. ಲಘು ಗುರುಗಳನ್ನು ತಿಳಿಯದೆ ಪದ್ಯ ಕಟ್ಟಿದವನಿಗೆ ಗತಿ ಕೆಡುವದು; ತನ್ನ ಅಳತೆಯನ್ನು ತಿಳಿಯದವನ ಓಟವೂ ಹಾಗೆಯೇ.

ವಾಚಕರಲ್ಲಿ ಅನೇಕರು ಶಾಲೆಗಳಿಗೆ ಸಂಬಂಧಪಟ್ಟವರು. ಅವರಲ್ಲಿ ನನ್ನದೊಂದು ವಿನಂತಿ. ತರಗತಿಯಲ್ಲಿ ಇಂಥ ಕೂಸೊಂದಿದ್ದರೆ ಅದನ್ನು ಆಟದ ಬಯಲಿನಿಂದ ಹೊರಗೆ ಕೂಡ್ರಿಸಬೇಡಿರಿ. ಅದು ನೀರು ಕೇಳಿದರೆ, ಹೊರಗೆ ಹೋಗುವೆನೆಂದರೆ, ಪಾಠದ ನಡುವೆ ಬೆರಳು ಚುಚ್ಚಿಕೊಂಡರೆ ಗದರಿಸಬೇಡಿರಿ. ಕೂಸಿಗೆ ಎಚ್ಚರವಿದ್ದಾಗ ಸಿಹಿ ಕೊಡಿರಿ. ಎಚ್ಚರ ತಪ್ಪಿದ್ದರೆ ಬಾಯಲ್ಲಿ ಏನನ್ನೂ ಹಾಕದೆ ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ. ಸೀಮೆಸುಣ್ಣದ ಡಬ್ಬಿಯ ಪಕ್ಕದಲ್ಲಿ ಒಂದಿಷ್ಟು ಸಕ್ಕರೆಯನ್ನು ಕಟ್ಟಿಡಿರಿ. ಕಬ್ಬಿನ ಸೀಮೆಯಲ್ಲಿ ಅದೇನು ದುಬಾರಿಯ ವಸ್ತುವಲ್ಲ.